ದವಾಖಾನೆ ಬಿಲ್ಲಿನಿಂದ ಪಾನ್ ಅಂಗಡಿವರೆಗೆ: ಆರೋಗ್ಯದ ಕಾನೂನು ಹುಟ್ಟುವುದೆಲ್ಲಿ, ತಾಲೂಕಿಗೆ ಮುಟ್ಟುವುದು ಹೇಗೆ?

ಗೋಕಾಕ / ಮೂಡಲಗಿ / ಹುಕ್ಕೇರಿ: ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದವರನ್ನು ಗಾಡಿಯಲ್ಲಿ ಹಾಕಿಕೊಂಡು ಖಾಸಗಿ ದವಾಖಾನೆಗೆ ಓಡಿದರೆ, "ಮೊದಲು ಅಡ್ವಾನ್ಸ್ ಕಟ್ಟಿ" ಅಂತ ಕೌಂಟರಿನಲ್ಲಿ ಕೇಳಬಹುದೇ? ಜೀವ ಹೋದ ಮೇಲೆ, ಬಾಕಿ ಬಿಲ್ ಕಟ್ಟುವತನಕ ಹೆಣ ಕೊಡುವುದಿಲ್ಲ ಅನ್ನಬಹುದೇ? ಎರಡಕ್ಕೂ ಕಾನೂನಿನ ಉತ್ತರ ಒಂದೇ: ಇಲ್ಲ. ಈ ಉತ್ತರಕ್ಕೆ ಸದನದ ಒಪ್ಪಿಗೆ ಸಿಕ್ಕಿದ್ದು ದೂರದ ದಿಲ್ಲಿಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಗೋಕಾಕದಿಂದ ಒಂದೂವರೆ ತಾಸಿನ ದಾರಿಯಲ್ಲಿರುವ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, 2017ರ ನವೆಂಬರ್ ಅಧಿವೇಶನದಲ್ಲಿ.

ಆದರೂ ಈ ಎರಡು ಮಾತು ಗೊತ್ತಿರುವವರು ಕಡಿಮೆ. ಆರೋಗ್ಯ ನೀತಿ ಅಂದರೆ ಮಂತ್ರಿಗಳು ಭಾಷಣದಲ್ಲಿ ಹೇಳುವ ಮಾತು, ತಮಗೂ ಅದಕ್ಕೂ ಸಂಬಂಧವಿಲ್ಲ ಅಂತ ಬಹಳ ಮಂದಿ ತಿಳಿದಿದ್ದಾರೆ. ಆದರೆ ದವಾಖಾನೆಯ ದರಪಟ್ಟಿ, ಪಾನ್ ಅಂಗಡಿಯ ಬಿಡಿ ಸಿಗರೇಟು, ಅಂಗಡಿ ಹಿಂದಿನ ಹಳೇ ಟೈರು, ಸೊಸೈಟಿಯ ಯಶಸ್ವಿನಿ ಕಾರ್ಡು ಎಲ್ಲವೂ ಅದೇ ನೀತಿಯ ಕೈಕಾಲುಗಳು.

ಅಧಿಕಾರ ಯಾರ ಕೈಯಲ್ಲಿದೆ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. "ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ, ಆಸ್ಪತ್ರೆಗಳು ಮತ್ತು ಔಷಧಾಲಯಗಳು" ಎಂಬ ವಿಷಯ ರಾಜ್ಯಪಟ್ಟಿಯಲ್ಲಿ ಆರನೆಯದು. ಅಂದರೆ ಆಸ್ಪತ್ರೆ ಹೇಗೆ ನಡೆಯಬೇಕು ಎಂಬ ಕಾನೂನು ಮಾಡುವುದು ವಿಧಾನಮಂಡಲದ ಕೆಲಸ. ಔಷಧಿ, ವೈದ್ಯ ವೃತ್ತಿ, ಕುಟುಂಬ ಯೋಜನೆ ಇವು ಸಮವರ್ತಿ ಪಟ್ಟಿಯಲ್ಲಿದ್ದು, ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಇಬ್ಬರ ಮಾತು ಒಂದಕ್ಕೊಂದು ತಾಗಿದರೆ ಕೇಂದ್ರದ ಮಾತು ಮೇಲು; ರಾಜ್ಯದ್ದೇ ನಡೆಯಬೇಕಾದರೆ ರಾಷ್ಟ್ರಪತಿಯ ಅಂಕಿತ ಬೇಕು.

ದುಡ್ಡಿನ ಲೆಕ್ಕ ಬೇರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಹಾಗಾಗಿ "ಇದು ಕೇಂದ್ರದ್ದು, ಅದು ರಾಜ್ಯದ್ದು" ಅಂತ ಎರಡೂ ಕಡೆಯವರು ಬೆರಳು ತೋರಿಸುವ ಆಟ ಚುನಾವಣೆ ಹೊತ್ತಿಗೆ ಜೋರಾಗುತ್ತದೆ. ಆಸ್ಪತ್ರೆಯ ಕಟ್ಟಡ, ಹುದ್ದೆ, ಖಾಸಗಿಯವರ ಮೇಲಿನ ನಿಯಂತ್ರಣದ ವಿಷಯದಲ್ಲಿ ಮಾತ್ರ ಆ ಆಟಕ್ಕೆ ಜಾಗವಿಲ್ಲ. ಅಲ್ಲಿ ಕೇಳಬೇಕಾದದ್ದು ರಾಜ್ಯವನ್ನೇ.

2017: ಬೆಳಗಾವಿಯಲ್ಲಿ ನಡೆದ ಜಗ್ಗಾಟ

ಒಂದು ಮಸೂದೆ ಹೇಗೆ ಬದಲಾಗುತ್ತದೆ, ಯಾರ ಒತ್ತಡಕ್ಕೆ ಬದಲಾಗುತ್ತದೆ ಎಂದು ನೋಡಲು ಕೆಪಿಎಂಇ ಕಾಯ್ದೆಗಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಪೂರ್ತಿ ಹೆಸರು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಅದಕ್ಕೂ ಮೊದಲು 1976ರ ನರ್ಸಿಂಗ್ ಹೋಂ ಕಾಯ್ದೆ ಇತ್ತು. 2007ರ ಕಾಯ್ದೆಯ ಪ್ರಕಾರ ಕ್ಲಿನಿಕ್ಕು, ಲ್ಯಾಬು, ಆಸ್ಪತ್ರೆ ಯಾವುದೇ ಇರಲಿ ನೋಂದಣಿ ಆಗಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಚಿಕಿತ್ಸೆಯ ದರವನ್ನು ಜನರಿಗೆ ಗೊತ್ತಾಗುವಂತೆ ಪ್ರಕಟಿಸಬೇಕು. ಕಾಗದದ ಮೇಲೆ ಎಲ್ಲ ಇತ್ತು. ಬಿಗಿ ಇರಲಿಲ್ಲ.

ಬಿಗಿ ಮಾಡುವುದು ಹೇಗೆಂದು ಹೇಳಲು ಸರ್ಕಾರ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಮಾಡಿತು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ, ಆರೋಗ್ಯ ಸಚಿವರು ಕೆ.ಆರ್. ರಮೇಶ್ ಕುಮಾರ್. 2017ರ ಜೂನ್‌ನಲ್ಲಿ ತಿದ್ದುಪಡಿ ಮಸೂದೆ ಸದನಕ್ಕೆ ಬಂತು. ಅದರಲ್ಲಿ ವೈದ್ಯರ ನಿದ್ದೆ ಕೆಡಿಸಿದ್ದು ಮುಖ್ಯವಾಗಿ ಎರಡು ಅಂಶ. ಒಂದು, ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡುವುದು. ಎರಡು, ನಿಯಮ ಮುರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಜೊತೆಗೆ ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಸಮಿತಿ.

ವಿರೋಧ ಜೋರಾದಾಗ ಮಸೂದೆಯನ್ನು ಎರಡೂ ಸದನಗಳ ಸದಸ್ಯರಿದ್ದ ಜಂಟಿ ಸಮಿತಿಗೆ ಕಳಿಸಿದರು. ಶಾಸಕರಿಗೆ ಇರುವ ದೊಡ್ಡ ಅಸ್ತ್ರಗಳಲ್ಲಿ ಇದೂ ಒಂದು: ಮಸೂದೆಯನ್ನು ನೇರವಾಗಿ ಮತಕ್ಕೆ ಹಾಕದೆ, ಕೂತು, ಕಲಂ ಕಲಂ ಓದಿ, ಬೇಕಾದವರನ್ನು ಕರೆಸಿ ಕೇಳುವುದು. ಟಿವಿಯಲ್ಲಿ ಕಾಣುವ ಗದ್ದಲಕ್ಕಿಂತ ಈ ಬಾಗಿಲು ಮುಚ್ಚಿದ ಕೋಣೆಯಲ್ಲೇ ಹೆಚ್ಚು ಕೆಲಸ ಆಗುತ್ತದೆ.

ನವೆಂಬರ್ 13ರಂದು ಬೆಳಗಾವಿಯಲ್ಲಿ ಅಧಿವೇಶನ ಶುರುವಾಯಿತು. ಅದೇ ದಿನ ಭಾರತೀಯ ವೈದ್ಯಕೀಯ ಸಂಘದ ಕರೆಗೆ ರಾಜ್ಯದ ಮೂಲೆ ಮೂಲೆಯಿಂದ ಖಾಸಗಿ ವೈದ್ಯರು ಬೆಳಗಾವಿಗೆ ಬಂದಿಳಿದರು. ಮರುದಿನದಿಂದ ಮುಷ್ಕರ. ಒಪಿಡಿ ಬಂದ್, ಕ್ಲಿನಿಕ್ ಬಂದ್. ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲು. ಚಿಕಿತ್ಸೆ ಸಿಗದೆ ಜೀವ ಹೋದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಹೈಕೋರ್ಟ್ ಮಧ್ಯೆ ಬಂದು, ಮುಷ್ಕರ ಬಿಟ್ಟು ಕೆಲಸಕ್ಕೆ ಹೋಗಿ ಎಂದು ವೈದ್ಯರಿಗೆ ಹೇಳಿತು. ನವೆಂಬರ್ 17ರಂದು ಮುಖ್ಯಮಂತ್ರಿ ಜೊತೆ ಮಾತುಕತೆ ಆದ ಮೇಲೆ ಮುಷ್ಕರ ನಿಂತಿತು.

ವೈದ್ಯರ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ತಾಲೂಕು ಊರಿನಲ್ಲಿ ಹತ್ತು ಹಾಸಿಗೆ ಇಟ್ಟುಕೊಂಡು ಹೆರಿಗೆ ಮಾಡಿಸುವ ಡಾಕ್ಟರ್ ದಂಪತಿಗೂ, ಬೆಂಗಳೂರಿನ ಐನೂರು ಹಾಸಿಗೆಯ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಬೆತ್ತ ಯಾಕೆ ಎಂಬುದು ಒಂದು ಪ್ರಶ್ನೆ. ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯಡಿ ತನ್ನಿ ಎಂಬುದು ಇನ್ನೊಂದು. ಎರಡನೆಯದಕ್ಕೆ ಜನರಿಗೆ ಸಮಾಧಾನವಾಗುವ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಕೊನೆಗೆ ಅದೇ ಅಧಿವೇಶನದಲ್ಲಿ ಮಸೂದೆ ಪಾಸಾಯಿತು, ಆದರೆ ಹಲ್ಲು ಕಡಿಮೆಯಾಗಿತ್ತು. ದರ ನಿಗದಿ ಸರ್ಕಾರಿ ಯೋಜನೆಯಡಿ ಚಿಕಿತ್ಸೆ ಪಡೆಯುವವರಿಗೆ ಮಾತ್ರ ಎಂದಾಯಿತು. ಬಹಳ ಚರ್ಚೆಯಾಗಿದ್ದ ಜೈಲು ಕಲಂ ಹೋಯಿತು. ನೋಂದಣಿಯೇ ಇಲ್ಲದೆ ದವಾಖಾನೆ ನಡೆಸುವವರಿಗೆ ಮಾತ್ರ ಜೈಲು ಉಳಿಯಿತು. ಉಳಿದುಕೊಂಡವುಗಳಲ್ಲಿ ಜನರಿಗೆ ಬೇಕಾದ ನಾಲ್ಕು ಸಂಗತಿ ಇವೆ. ತುರ್ತು ಸಂದರ್ಭದಲ್ಲಿ ಅಡ್ವಾನ್ಸ್‌ಗೆ ಪಟ್ಟು ಹಿಡಿಯದೆ ಜೀವ ಉಳಿಸುವ ಚಿಕಿತ್ಸೆ ಕೊಡಬೇಕು. ಬಾಕಿ ಇದೆ ಅಂತ ಮೃತದೇಹ ತಡೆಯುವಂತಿಲ್ಲ, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು. ದರ ಪ್ರಕಟಿಸಬೇಕು, ಪ್ರಕಟಿಸಿದ್ದಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ರೋಗಿಗಳ ಹಕ್ಕುಗಳ ಸನ್ನದು ಕಾನೂನಿನ ಭಾಗವಾಯಿತು.

ದೂರು ಕೊಡುವುದೆಲ್ಲಿ? ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರದಲ್ಲಿ. ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ, ಅದರ ಸದಸ್ಯ ಕಾರ್ಯದರ್ಶಿ. ಬೆಳಗಾವಿಯಲ್ಲಿ ಎರಡೂ ಕಚೇರಿ ಇವೆ. ಬಾಯಿಮಾತಿನ ಜಗಳಕ್ಕಿಂತ ಬಿಲ್ಲು, ಡಿಸ್ಚಾರ್ಜ್ ಚೀಟಿ, ದರಪಟ್ಟಿಯ ಫೋಟೊ ಇಟ್ಟುಕೊಂಡು ಬರೆದುಕೊಟ್ಟ ಒಂದು ಹಾಳೆ ಅರ್ಜಿಗೆ ತೂಕ ಜಾಸ್ತಿ.

ಇದೇ ಕಾಯ್ದೆ ಬೋರ್ಡಿಗೂ ಬಂದಿದೆ. ಆಸ್ಪತ್ರೆಯ ಮುಂದೆ ಕೆಪಿಎಂಇ ನೋಂದಣಿ ಸಂಖ್ಯೆ ಕಾಣುವಂತೆ ಹಾಕಬೇಕು, ಅಲೋಪಥಿ ಆದರೆ ತಿಳಿನೀಲಿ, ಆಯುರ್ವೇದ ಆದರೆ ಹಸಿರು ಫಲಕ ಇರಬೇಕು ಎಂದು ಸರ್ಕಾರ ಸೂಚಿಸಿದೆ. ಹಳ್ಳಿಗಳಲ್ಲಿ "ಡಾಕ್ಟರ್" ಅಂತ ಕರೆಸಿಕೊಂಡು ಸಲೈನ್ ಹಚ್ಚುವವರೆಲ್ಲ ಡಾಕ್ಟರ್ ಅಲ್ಲ. ಬೋರ್ಡಿನಲ್ಲಿ ನಂಬರ್ ಇದೆಯೋ ಇಲ್ಲವೋ ನೋಡಲು ಯಾವ ಓದೂ ಬೇಕಿಲ್ಲ.

ಕಾಯ್ದೆ ಬೇರೆ, ಆದೇಶ ಬೇರೆ

2017ರಲ್ಲಿ ದರ ನಿಗದಿ ಬೇಡ ಎಂದು ಇಷ್ಟೆಲ್ಲ ಆಯಿತಲ್ಲ, ಮೂರು ವರ್ಷದಲ್ಲಿ ಕೊರೊನಾ ಬಂದಾಗ ಅದೇ ಕೆಲಸ ಒಂದು ಆದೇಶದಿಂದ ಆಯಿತು. 2020ರ ಜೂನ್‌ನಲ್ಲಿ ಸರ್ಕಾರ ಕೋವಿಡ್ ರೋಗಿಗಳಿಗೆ ಖಾಸಗಿ ಆಸ್ಪತ್ರೆಗಳು ತೆಗೆದುಕೊಳ್ಳಬಹುದಾದ ಗರಿಷ್ಠ ದರ ಹೊರಡಿಸಿತು. ಸ್ವಂತ ದುಡ್ಡು ಕೊಡುವವರಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 10,000 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 25,000. 2024ರ ಜುಲೈನಲ್ಲಿ ಡೆಂಗಿ ಹೆಚ್ಚಾದಾಗ ಪರೀಕ್ಷೆಯ ದರಕ್ಕೂ ಮಿತಿ ಬಂತು: ಎಲೈಸಾ ಪರೀಕ್ಷೆ ಒಂದಕ್ಕೆ 300, ರ್‍ಯಾಪಿಡ್ ಕಾರ್ಡ್ ಪರೀಕ್ಷೆಗೆ 250.

ಇದನ್ನು ಅರ್ಥ ಮಾಡಿಕೊಳ್ಳಬೇಕು. ಕಾಯ್ದೆ ಸದನದಲ್ಲಿ ಆಗುತ್ತದೆ, ಅದಕ್ಕೆ ಚರ್ಚೆ, ಮತ, ರಾಜ್ಯಪಾಲರ ಅಂಕಿತ ಎಲ್ಲ ಬೇಕು. ಕಾಯ್ದೆಯ ಕೆಳಗೆ ನಿಯಮ, ಅದರ ಕೆಳಗೆ ಆದೇಶ, ಸುತ್ತೋಲೆ. ಇವು ಇಲಾಖೆಯ ಕೋಣೆಯಿಂದ ಬರುತ್ತವೆ, ರಾತ್ರೋರಾತ್ರಿ ಬರುತ್ತವೆ, ಹಾಗೆಯೇ ಸದ್ದಿಲ್ಲದೆ ಹೋಗುತ್ತವೆ. ಜನ ಸದನದ ಕಡೆ ಕಣ್ಣಿಟ್ಟಿರುತ್ತಾರೆ. ಅವರ ಕಿಸೆಗೆ ಹತ್ತಿರದ್ದು ಬಹಳ ಸಲ ಆದೇಶವೇ.

ಅಂಗಡಿಕಾರರಿಗೆ ತಟ್ಟುವುದು

ಗೋಕಾಕ ನಗರಸಭೆ ಇರಲಿ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ ಪುರಸಭೆ ಇರಲಿ, ವ್ಯಾಪಾರಸ್ಥರು ಗಮನಿಸಬೇಕಾದ ಮೂರು ಬದಲಾವಣೆ ಇತ್ತೀಚೆಗೆ ಆಗಿವೆ.

ಮೊದಲನೆಯದು ತಂಬಾಕು. ಕೇಂದ್ರದ 2003ರ ಕೋಟ್ಪಾ ಕಾಯ್ದೆಗೆ ರಾಜ್ಯ ವಿಧಾನಮಂಡಲ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಮಾಡಿತು. ಕೇಂದ್ರದ ಕಾಯ್ದೆಯನ್ನು ಮುಟ್ಟಿದ್ದರಿಂದ ರಾಷ್ಟ್ರಪತಿ ಅಂಕಿತ ಬೇಕಾಯಿತು, ಅದು ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ. ಸದನ ಒಪ್ಪಿದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಈಗ 21 ವರ್ಷದೊಳಗಿನವರಿಗೆ ಸಿಗರೇಟು, ಬೀಡಿ, ತಂಬಾಕು ಮಾರುವಂತಿಲ್ಲ. ಮೊದಲು ಈ ಮಿತಿ 18 ಇತ್ತು. ಶಾಲೆ-ಕಾಲೇಜಿನ 100 ಮೀಟರ್ ಒಳಗೆ ಮಾರಾಟ ಇಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. 200 ರೂಪಾಯಿ ಇದ್ದ ದಂಡ 1,000ಕ್ಕೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷದವರೆಗೆ ದಂಡ. ಬಸ್ ಸ್ಟ್ಯಾಂಡ್ ಎದುರಿನ ಗೂಡಂಗಡಿಯಲ್ಲಿ ಬಿಡಿ ಸಿಗರೇಟೇ ಅರ್ಧ ವ್ಯಾಪಾರ ಎಂಬುದು ಎಲ್ಲರಿಗೂ ಗೊತ್ತು. ಕಾನೂನು ಬಂದರೂ ಚಾಲ್ತಿ ಬದಲಾಗುವುದು ನಿಧಾನ, ಆದರೆ ರೇಡ್ ಆದ ದಿನ "ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ.

ಎರಡನೆಯದು ಡೆಂಗಿ. 2024ರ ಆಗಸ್ಟ್ ಕೊನೆಯಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿತು. ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020ರ ಬಲದಲ್ಲಿ ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ. ಅಂಗಡಿ, ಹೋಟೆಲು, ವ್ಯಾಪಾರ ಸ್ಥಳಕ್ಕೆ ಪಟ್ಟಣದಲ್ಲಿ 1,000, ಹಳ್ಳಿಯಲ್ಲಿ 500. ಕಟ್ಟಡ ಕೆಲಸ ನಡೆಯುವ ಜಾಗಕ್ಕೆ 2,000 ಮತ್ತು 1,000. ಪಂಕ್ಚರ್ ಅಂಗಡಿಯ ಟೈರು, ಎಳನೀರಿನವರ ಚಿಪ್ಪು, ಗ್ಯಾರೇಜಿನ ಡಬ್ಬಿ ಎಲ್ಲ ಇದರಲ್ಲಿ ಬರುತ್ತವೆ. ಗಟಾರ ಕಟ್ಟಿಕೊಂಡು ನಿಂತ ನೀರಿಗೆ ಯಾರಿಗೆ ದಂಡ ಹಾಕಬೇಕು ಎಂದು ಅಂಗಡಿಕಾರರು ಕೇಳಿದರೆ ತಪ್ಪೇನಿಲ್ಲ. 2019ರ ಪ್ರವಾಹದಲ್ಲಿ ಘಟಪ್ರಭೆ ಗೋಕಾಕ ಪೇಟೆಗೆ ನುಗ್ಗಿದ್ದನ್ನು ಕಂಡವರಿಗೆ ನಿಂತ ನೀರು ಅಂದರೇನು ಅಂತ ಹೇಳಿಕೊಡಬೇಕಿಲ್ಲ.

ಮೂರನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ರೊಡಮೈನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ. ಸಂಜೆ ಗೋಬಿ ಗಾಡಿ ಹಚ್ಚುವವರು ಇದನ್ನು ನೆನಪಿಡಬೇಕು. ಆಹಾರ ಸುರಕ್ಷತಾ ಕಾಯ್ದೆಯಡಿ ಶಿಕ್ಷೆ ದೊಡ್ಡದು.

ಬಜೆಟ್ಟಿನ ಒಂದು ಸಾಲು

ಸಹಕಾರಿ ಸಂಘಗಳ ನಾಡಾದ ಈ ಮೂರು ತಾಲೂಕಿಗೆ ಯಶಸ್ವಿನಿ ಕಥೆ ಹತ್ತಿರದ್ದು. 2003ರಲ್ಲಿ ಸಹಕಾರಿ ಸಂಘದ ಸದಸ್ಯ ರೈತರಿಗಾಗಿ ಶುರುವಾದ ಯೋಜನೆ ಹದಿನೈದು ವರ್ಷ ನಡೆಯಿತು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಅದರಲ್ಲಿ ವಿಲೀನ ಅಂತ ಹೇಳಿ ಯಶಸ್ವಿನಿ ನಿಂತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಯೋಜನೆಯೂ ಸೇರಿ ಈಗಿನ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ.

ಬಿಪಿಎಲ್ ಕಾರ್ಡ್ ಇಲ್ಲದ, ಹಾಗಂತ ದೊಡ್ಡ ಶ್ರೀಮಂತನೂ ಅಲ್ಲದ ಕಬ್ಬಿನ ರೈತ ಇದರಲ್ಲಿ ನಡುನೀರಿನಲ್ಲಿ ನಿಂತ. ಸಹಕಾರಿ ವಲಯದಿಂದ ಯಶಸ್ವಿನಿ ಬೇಕೇ ಬೇಕು ಎಂಬ ಕೂಗು ಎದ್ದಿತು. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಇದ್ದಾಗ 2022-23ರ ಬಜೆಟ್ಟಿನಲ್ಲಿ 300 ಕೋಟಿ ಇಟ್ಟು ಮರುಜಾರಿ ಘೋಷಿಸಿದರು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಶುರುವಾಯಿತು. ಹೀಗೆ ಮರಳಿ ಬಂದಾಗ ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ ಇತ್ತು, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ. ಒಂದು ಸರ್ಕಾರ ನಿಲ್ಲಿಸಿದ್ದನ್ನು ಇನ್ನೊಂದು ಸರ್ಕಾರ ತಂದಿತು, ಮುಂದಿನ ಸರ್ಕಾರ ಮುಂದುವರಿಸಿತು. ಮತದ ಲೆಕ್ಕ ಇದ್ದೇ ಇರುತ್ತದೆ, ಆದರೂ ಸೊಸೈಟಿಗಳು ಸುಮ್ಮನೆ ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಆರೋಗ್ಯ ಕರ್ನಾಟಕದಲ್ಲಿ ಜನ ಎಡವುವುದು ರೆಫರಲ್ ಚೀಟಿಯ ಹತ್ತಿರ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ಖಾಸಗಿಗೆ. ನೇರ ಹೋದವರು ಬಿಲ್ ಕಟ್ಟಿ ಬರುತ್ತಾರೆ. ಇನ್ನು ಪ್ಯಾಕೇಜ್ ದರ ಕಡಿಮೆ, ದುಡ್ಡು ತಡ ಎಂಬುದು ಖಾಸಗಿ ಆಸ್ಪತ್ರೆಗಳ ಹಳೇ ದೂರು. ಆ ದರ ಕಟ್ಟುವುದೂ ರಾಜ್ಯವೇ.

ಶಾಸಕರು ಏನು ಮಾಡಬಹುದು?

ಗೋಕಾಕಕ್ಕೆ ರಮೇಶ ಜಾರಕಿಹೊಳಿ, ಮೂಡಲಗಿ ಬರುವ ಅರಭಾವಿಗೆ ಬಾಲಚಂದ್ರ ಜಾರಕಿಹೊಳಿ, ಹುಕ್ಕೇರಿಗೆ ನಿಖಿಲ್ ಕತ್ತಿ, ಹುಕ್ಕೇರಿ ತಾಲೂಕಿನದ್ದೇ ಆದ ಯಮಕನಮರಡಿಗೆ ಸತೀಶ ಜಾರಕಿಹೊಳಿ: 2023ರಲ್ಲಿ ಈ ಭಾಗ ಆರಿಸಿ ಕಳಿಸಿದ ನಾಲ್ವರು. ರಾಜ್ಯ ರಾಜಕಾರಣದಲ್ಲಿ ಈ ಹೆಸರುಗಳಿಗೆ ಇರುವ ತೂಕ ಹೇಳಬೇಕಿಲ್ಲ. ಕೇಳಬೇಕಾದದ್ದು ಆ ತೂಕ ಆಸ್ಪತ್ರೆ ಕಡೆ ಎಷ್ಟು ಬಿದ್ದಿದೆ ಎಂಬುದು.

ಶಾಸಕರ ಕೈಯಲ್ಲಿ ವರ್ಷಕ್ಕೆ 2 ಕೋಟಿಯ ಕ್ಷೇತ್ರಾಭಿವೃದ್ಧಿ ನಿಧಿ ಇದೆ. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ತಾಲೂಕಿನ ಕೆಡಿಪಿ ಸಭೆ ನಡೆಯುವುದು ಅವರ ಅಧ್ಯಕ್ಷತೆಯಲ್ಲಿ. ಆಂಬುಲೆನ್ಸ್ ಕೆಟ್ಟು ನಿಂತಿದ್ದು, ಡಯಾಲಿಸಿಸ್ ಯಂತ್ರ ಬಂದ್ ಆಗಿದ್ದು ಈ ಸಭೆಗಳಲ್ಲಿ ಬರಬೇಕಾದ ವಿಷಯ. ಹುದ್ದೆ ಮಾತ್ರ ಇಲ್ಲಿ ಬಗೆಹರಿಯುವುದಿಲ್ಲ. ಮೂಡಲಗಿಯಂಥ ಹೊಸ ತಾಲೂಕಿನ ವಿಷಯ ನೋಡಿ. ಕಂದಾಯ ನಕ್ಷೆಯಲ್ಲಿ ತಾಲೂಕು ಆದ ತಕ್ಷಣ ನೂರು ಹಾಸಿಗೆಯ ಆಸ್ಪತ್ರೆ ತಾನಾಗಿ ಬರುವುದಿಲ್ಲ. ಮೇಲ್ದರ್ಜೆಗೆ ಏರಿಸುವ ಆದೇಶ ಬೇರೆ, ಕಟ್ಟಡಕ್ಕೆ ಅನುದಾನ ಬೇರೆ, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರ ಹುದ್ದೆ ಮಂಜೂರಿಗೆ ಹಣಕಾಸು ಇಲಾಖೆಯ ಒಪ್ಪಿಗೆ ಬೇರೆ. ಮೂರರಲ್ಲಿ ಒಂದು ತಪ್ಪಿದರೂ ಸಿಸೇರಿಯನ್‌ಗೆ ಬಂದ ಗರ್ಭಿಣಿಯನ್ನು ಬೆಳಗಾವಿಗೆ ಬರೆದು ಕಳಿಸುವುದೇ ಗತಿ. ಅದನ್ನು ಬೆನ್ನು ಹತ್ತಿ ಮಾಡಿಸಬೇಕಾದವರು ಶಾಸಕರು.

ಸದನದಲ್ಲಿ ಪ್ರಶ್ನೆ ಕೇಳುವುದು ಇನ್ನೊಂದು ದಾರಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು; ಲಿಖಿತ ಉತ್ತರದಲ್ಲಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ ಎಂಬುದು ದಾಖಲೆಯಾಗಿ ಹೊರಬೀಳುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಅವರಿಗೆ ಹಚ್ಚಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಿರೋಧ ಪಕ್ಷ ಇದನ್ನೇ ಹಿಡಿದು ಕೂತಿತು. ಬಳ್ಳಾರಿಯ ಸಾವಿನ ಪ್ರಶ್ನೆ ಗೋಕಾಕದ ಹೆರಿಗೆ ವಾರ್ಡಿಗೂ ಸಂಬಂಧಿಸಿದ್ದೇ, ಯಾಕೆಂದರೆ ಸರ್ಕಾರಿ ಆಸ್ಪತ್ರೆಗಳ ಔಷಧಿ ಖರೀದಿಗೆ ಇರುವುದು ರಾಜ್ಯಕ್ಕೆಲ್ಲ ಒಂದೇ ನಿಗಮ.

ಶಾಸಕರಲ್ಲದವರ ಒತ್ತಡಕ್ಕೂ ನೀತಿ ಬಾಗುತ್ತದೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಕೂತ ಮೇಲೆ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಮುಖ್ಯಮಂತ್ರಿಯಿಂದ ಬಂತು. ಚಳಿಗಾಲದ ಅಧಿವೇಶನದ ಹೊತ್ತಿಗೆ ಸುವರ್ಣಸೌಧದ ಸಮೀಪದ ಕೊಂಡಸಕೊಪ್ಪದಲ್ಲಿ ಟೆಂಟ್ ಹಾಕುವವರದ್ದೂ ಇದೇ ಲೆಕ್ಕ.

ಗಡಿಯಾಚೆಯ ಆಸ್ಪತ್ರೆ

ಈ ಭಾಗದ ಜನ ಚಿಕಿತ್ಸೆಗೆ ಗಡಿ ನೋಡಿದವರಲ್ಲ. ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜ್‌ಗೆ ಹೋಗುವುದು ಅಜ್ಜ-ಮುತ್ತಜ್ಜರ ಕಾಲದ ರೂಢಿ. ಸಂಕೇಶ್ವರದವರಿಗೆ ಗಡಹಿಂಗ್ಲಜ್, ಕೊಲ್ಲಾಪುರ ಹತ್ತಿರ. ಹಾಗೆ ನೋಡಿದರೆ ಘಟಪ್ರಭಾವೇ ಒಂದು ಆರೋಗ್ಯದ ಊರು. ಸ್ವಾತಂತ್ರ್ಯಕ್ಕೂ ಮೊದಲಿನ ಕರ್ನಾಟಕ ಆರೋಗ್ಯಧಾಮ ಅಲ್ಲಿದೆ, ಜನರೇ ಷೇರು ಹಾಕಿ ಕಟ್ಟಿದ ಜೆ.ಜಿ. ಸಹಕಾರಿ ಆಸ್ಪತ್ರೆ ಇದೆ. ಸರ್ಕಾರ ಬರುವತನಕ ಕಾಯದ ಊರು ಅದು.

ಗಡಿ ರಾಜಕೀಯ ಮಾತ್ರ ಆರೋಗ್ಯದೊಳಗೂ ನುಗ್ಗಿದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಹಳ್ಳಿ-ಪಟ್ಟಣಗಳಿಗೆ ವಿಸ್ತರಿಸಿ ಆದೇಶ ಮಾಡಿತು. ತನಗೆ ಸೇರಬೇಕೆಂದು ಆ ರಾಜ್ಯ ವಾದಿಸುವ ಬೆಳಗಾವಿ, ಕಾರವಾರ, ಬೀದರ್ ಭಾಗದ ಊರುಗಳವು. ಇಲ್ಲಿಂದ ತೀವ್ರ ಆಕ್ಷೇಪ ಹೋಯಿತು. ತನ್ನ ನೆಲದ ಜನರ ಆರೋಗ್ಯ ವಿಮೆಯನ್ನು ಇನ್ನೊಂದು ರಾಜ್ಯ ಬರೆಯುವುದು ಹೇಗೆ ಎಂಬ ಕರ್ನಾಟಕದ ಪ್ರಶ್ನೆ ಸರಿಯಾದದ್ದೇ. ಆದರೆ ಗಡಿ ಹಳ್ಳಿಯ ರೋಗಿ ಕೇಳುವುದು ಬೇರೆ: ಬೆಳಗಾವಿಗೆ ಹೋಗಬೇಕೋ, ಕೊಲ್ಲಾಪುರಕ್ಕೋ, ಯಾವ ಕಾರ್ಡ್ ಎಲ್ಲಿ ನಡೆಯುತ್ತದೆ ಅಂತ. ಮನೆ ಬಿಡುವ ಮೊದಲು ಆರೋಗ್ಯ ಇಲಾಖೆಯ 104 ಸಹಾಯವಾಣಿಗೆ ಒಂದು ಫೋನ್ ಮಾಡಿ, ಹೋಗಬೇಕೆಂದಿರುವ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಕೇಳಿಕೊಂಡು ಹೊರಟರೆ ಕೌಂಟರಿನಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.